ಲಗಮಣ್ಣನಿಗೆ ದೊರೆತ ಅಂಕಿತ

ಘಟಪ್ರಭೆಯ ದಂಡೆಯಲ್ಲಿ, ರುದ್ರಭೂಮಿಗೆ ಹೋಗುವ ಹಾದಿಯ ಮಗ್ಗುಲಲ್ಲೇ ಪೂಜ್ಯ ನೀಲಗಂಗಮ್ಮನವರ ಗುಡಿಸಲಿತ್ತು. ಮಠವೆನ್ನಲು ಅಲ್ಲಿ ಗದ್ದುಗೆಯಿಲ್ಲ, ಗಂಟೆಯಿಲ್ಲ. ಒಂದು ಒಲೆ, ನೀರಿನ ಕೊಡ, ಮೂಲೆಯಲ್ಲಿ ರೋಗಿಗಳಿಗೆಂದು ಹಾಸಿದ ಕೌದಿ. ಯಾರೂ ಮುಟ್ಟಲೊಲ್ಲದವರನ್ನು ಅವರು ತಾವೇ ಮೈತೊಳೆದು, ಉಣಿಸಿ, ಕಡೆಯ ಉಸಿರಿನವರೆಗೆ ನೋಡಿಕೊಳ್ಳುತ್ತಿದ್ದರು. ಸುತ್ತಲಿನ ಜನ ಅವರನ್ನು ‘ಅವ್ವಾರು’ ಎಂದೇ ಕರೆಯುತ್ತಿದ್ದರು.

ಶ್ರಾವಣದ ಒಂದು ಮುಂಜಾನೆ, ಮೋಡ ಕವಿದು ಬೆಳಕೇ ಹರಿಯದ ಹೊತ್ತಿನಲ್ಲಿ, ಲಗಮಣ್ಣ ಅಲ್ಲಿಗೆ ಬಂದ. ಹೆಗಲಿಗೆ ಏಕತಾರಿಯಿತ್ತು, ಮುಖದಲ್ಲಿ ಕಳೆಯಿರಲಿಲ್ಲ.

ಈ ಲಗಮಣ್ಣ ಯಾರ ಬಳಿಯೂ ಕುಳಿತು ಕಲಿತವನಲ್ಲ. ಭಜನಾ ಮೇಳದ ಹಿಂದೆ ನಿಂತು, ಕೇಳಿ ಕೇಳಿ ಕಂಠ ಪಳಗಿಸಿಕೊಂಡವನು. ಆಮೇಲೆ ತಾನೇ ತತ್ವಪದ ಕಟ್ಟತೊಡಗಿದ. ಆದರೆ ಆ ಕಡೆಯ ರೂಢಿಯಂತೆ ಪದದ ಕೊನೆಯ ನುಡಿಯಲ್ಲಿ ಗುರುವಿನ ಹೆಸರು ಬರಲೇಬೇಕು. ಅದೇ ಅಂಕಿತ. ಗುರುವೇ ಇಲ್ಲದವನಿಗೆ ಅಂಕಿತವೆಲ್ಲಿಯದು? ಹೀಗಾಗಿ ಅವನ ಪದಗಳಿಗೆಲ್ಲ ಮೇಳದ ಹಿರಿಯ ರಾಚಯ್ಯ ತನ್ನ ಗುರುವಿನ ಅಂಕಿತ ಸೇರಿಸಿ ಮುಂದೆ ಕುಳಿತು ಹಾಡುವುದು, ಪದ ಕಟ್ಟಿದವನು ಹಿಂದೆ ಕುಳಿತು ತಾಳ ಹಾಕುವುದು. ಎಂಥ ಅನ್ಯಾಯ ನೋಡಿ! ಕಡೆಗೊಮ್ಮೆ ತಾಳಲಾರದೆ ಲಗಮಣ್ಣ ಮೇಳ ಬಿಟ್ಟು ಒಬ್ಬನೇ ಹಾಡಲು ಹೊರಟ. ಮೊದಲ ಊರಿನಲ್ಲೇ, ಅಂಕಿತವಿಲ್ಲದೆ ಪದ ಮುಗಿಸಿದಾಗ ಜನ ಕಿಸಕ್ಕನೆ ನಕ್ಕರು. “ತಂದಿ ಇಲ್ಲದ ಪದ!” ಎಂದು ಒಬ್ಬ ಕೂಗಿಯೇ ಬಿಟ್ಟ. ಪಾಪ, ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕುಳಿತಿತ್ತು.

ಅವ್ವನವರ ಪಾದಕ್ಕೆ ಹಣೆ ಹಚ್ಚಿ ಅವನು, “ಅವ್ವಾರ, ನಿಮ್ಮ ಹೆಸರು ಅಂಕಿತಕ್ಕ ಕೊಡ್ರಿ. ಇಲ್ಲಂದ್ರ ಈ ಏಕತಾರಿ ಹೊಳಿಗೆ ಒಗದು ಬಿಡತೀನಿ. ಇನ್ನ ಜನ್ಮದಾಗ ಹಾಡಂಗಿಲ್ಲ,” ಎಂದ.

ಅವ್ವನವರು ಅವನನ್ನು ಎಬ್ಬಿಸಿ, “ಒಂದೀಟು ಕೈ ಹಚ್ಚಪಾ,” ಎಂದು ಒಳಗೆ ಕರೆದರು.

ಕೌದಿಯ ಮೇಲೆ ಒಬ್ಬ ಮುದುಕಿಯ ಹೆಣವಿತ್ತು. ಎಲ್ಲಿಯವಳೋ ಏನೋ, ಭಿಕ್ಷೆ ಬೇಡುತ್ತ ಬಂದು ಊರಹೊರಗೆ ಬಿದ್ದವಳು. ಮೈಯೆಲ್ಲ ಕ್ಷಯ ತಿಂದುಹಾಕಿತ್ತು. ರೋಗಕ್ಕೆ ಹೆದರಿ ಯಾರೂ ಹೆಗಲು ಕೊಡಲು ಬಂದಿರಲಿಲ್ಲ. ಹೆಣದ ಮುಂದೆ ಪದ ಹೇಳುತ್ತ ನಡೆಯಬೇಕಾದ ಮೇಳದವರೂ ಒಲ್ಲೆವೆಂದಿದ್ದರು. ಲಗಮಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಸಿಟ್ಟೂ ಬಂತು. ತಾನು ಕೇಳಿದ್ದೇನು, ಇವರು ಕೊಡುತ್ತಿರುವುದೇನು! ಆದರೂ ಅವ್ವನವರೊಬ್ಬರೇ ತಲೆಯ ಕಡೆ ಹಿಡಿದು ಎತ್ತಲಾರದೆ ನಿಂತದ್ದನ್ನು ಕಂಡು, ಕಾಲಿನ ಕಡೆ ಹಿಡಿದ. ಇಬ್ಬರೂ ಸೇರಿ ಹೆಣವನ್ನು ಹೊರಗಿದ್ದ ಕೈಗಾಡಿಯ ಮೇಲೆ ಮಲಗಿಸಿದರು.

ಅವ್ವನವರು ಗಾಡಿ ನೂಕಲು ನಿಂತು, “ಮುಂದ ನಡಿ. ಹಾಡು,” ಎಂದರು.

“ಅಂಕಿತ ಇಲ್ಲದ ಪದ ಹೆಂಗ ಹಾಡ್ಲಿ, ಅವ್ವಾ?”

“ಆಕಿ ಮುಂದ ಹಾಡಾಕ ಮತ್ಯಾರದಾರ?”

ಲಗಮಣ್ಣ ಏಕತಾರಿ ಮೀಟಿದ.

“ಹೊಂಟೀನಿ ತಂಗಿ, ಬುತ್ತಿ ಕಟ್ಟಬ್ಯಾಡ,
ಈ ಹಾದ್ಯಾಗ ಹಸಿವಿಲ್ಲ ನನಗ...”

ಹಿಮ್ಮೇಳವಿರಲಿಲ್ಲ. ಅವನು ಸಾಲು ಮುಗಿಸಿದಾಗಲೆಲ್ಲ ಗಾಡಿಯ ಗಾಲಿಯ ಕಿರುಗುಟ್ಟುವ ಸದ್ದೊಂದೇ ಕೇಳುತ್ತಿತ್ತು. ಹಾದಿಯಲ್ಲಿ ಎದುರಾದವರು ಮೂಗಿಗೆ ಬಟ್ಟೆ ಹಿಡಿದು ಪಕ್ಕಕ್ಕೆ ಸರಿದರು. ಒಬ್ಬನೇ ಹಾಡಬೇಕೆಂಬುದು ಅವನ ಎಷ್ಟೋ ಕಾಲದ ಹಂಬಲ. ಅದು ಕೈಗೂಡಿದ್ದು ಹೀಗೆ. ಕೇಳಲು ಇದ್ದವರಿಬ್ಬರು, ಅವರಲ್ಲಿ ಒಬ್ಬಾಕೆ ಸತ್ತಿದ್ದಳು.

ರುದ್ರಭೂಮಿಯಲ್ಲಿ ಅವ್ವನವರು ಮೊದಲೇ ಅಗೆಸಿಟ್ಟಿದ್ದ ಕುಣಿಯ ಬಳಿ ಬರುವ ಹೊತ್ತಿಗೆ ಕೊನೆಯ ನುಡಿ ಬಂತು. ಯಾರ ಹೆಸರು ಹೇಳಬೇಕು? ದಿಕ್ಕು ತೋಚದೆ ಅವ್ವನವರ ಮುಖ ನೋಡಿದ.

“ತುಂಗವ್ವ,” ಎಂದರು ಅವ್ವನವರು.

ಅವನಿಗೆ ತಿಳಿಯಲಿಲ್ಲ.

“ಆಕಿ ಹೆಸರು. ಇದನ್ನ ಹೇಳಾಕ ಭೂಮಿ ಮ್ಯಾಲ ಯಾರೂ ಉಳದಿಲ್ಲ. ನೀ ಹೇಳು.”

“ತುಂಗವ್ವ ಹೇಳತಾಳ, ದೂರೇನಿಲ್ಲ ಊರು,
ಕೈಬಿಟ್ಟವರಿಗೂ ಐತಿ ಬಾಗಿಲು...”

ಹಾಡು ಮುಗಿದದ್ದೇ ತಡ, ಲಗಮಣ್ಣ ಕುಣಿಯ ದಂಡೆಯಲ್ಲಿ ಕುಸಿದು, ಹೆತ್ತವಳನ್ನು ಕಳೆದುಕೊಂಡವನಂತೆ ಅತ್ತ. ತನ್ನ ಕೈಯಿಂದಲೇ ಮಣ್ಣೆಳೆದ. ಅವ್ವನವರ ಬಳಿ ಮತ್ತೆ ಏನನ್ನೂ ಬೇಡಲಿಲ್ಲ.

ಮುಂದೆ ಅವನು ಊರೂರು ತಿರುಗಿ ಒಬ್ಬನೇ ಹಾಡಿದ. ಜನ ನಗಲಿಲ್ಲ, ಕೊನೆಯ ನುಡಿಯಲ್ಲಿ ತುಂಗವ್ವನ ಹೆಸರು ಬಂದೊಡನೆ, ಯಾರೋ ಮಹಾ ಶರಣೆಯಿರಬೇಕೆಂದು ಕೈಮುಗಿಯುತ್ತಿದ್ದರು.

“ಅವರದು ಯಾವ ಮಠಪಾ?” ಎಂದು ಯಾರಾದರೂ ಕೇಳಿದರೆ, “ಮಠ ಇಲ್ರಿ. ಆಕೀಗೆ ನಾ ಒಬ್ಬವನ ಶಿಷ್ಯ,” ಎನ್ನುತ್ತಿದ್ದ.

“ಉಪದೇಶ ಯಾವಾಗ ಆತು?”

“ಆಕೀನ ಮಣ್ಣು ಮಾಡಿದ ದಿನ,” ಎಂದು ಹೇಳಿ, ಕಣ್ಣೊರಸಿಕೊಂಡು ಮುಂದಿನ ಪದ ಎತ್ತಿಕೊಳ್ಳುತ್ತಿದ್ದ.