ಒಲೆಗುಂಡಮ್ಮ ಹಾಲ್ದೊಣೆ ಬೆಟ್ಟದಲ್ಲಿ ನೆಲೆನಿಂತ ಮಹಿಮೆ

ದ್ವಾಪರಯುಗವು ಮುಗಿದು, ಕಲಿಪುರುಷನು ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ ಪುರಾತನ ಕಾಲದಲ್ಲಿ, ಸಕಲಪಾಪಹಾರಿಯೂ, ಕಡುಬೇಸಿಗೆಯಲ್ಲಿಯೂ ಬತ್ತದ ಶಿಲಾತೀರ್ಥವನ್ನು ನೆತ್ತಿಯ ದೊಣೆಯಲ್ಲಿ ಹೊತ್ತಿರುವುದೂ ಆದ ಈ ಹಾಲ್ದೊಣೆ ಬೆಟ್ಟದ ಬುಡದಲ್ಲಿ ಇದೇ ಹೆಸರಿನ ಊರೊಂದು ಸುಖವಾಗಿ ಬಾಳುತ್ತಿತ್ತು. ಬೇರೆ ಕ್ಷೇತ್ರಗಳಲ್ಲಾದರೆ ಋಷಿಮುನಿಗಳು ತಪಸ್ಸು ಮಾಡಿದರೆಂದು ಹೇಳುವುದುಂಟು. ಇಲ್ಲಿಗೆ ಯಾವ ಋಷಿಯೂ ಬರಲಿಲ್ಲ. ಬಂದಿದ್ದರೂ ಊರ ಹೆಂಗಸರ ಬಾಯಿಗೆ ಹೆದರಿ ಕಮಂಡಲ ಬಿಟ್ಟು ಓಡಿರಬೇಕು. ಇಲ್ಲಿ ತಪಸ್ಸು ಮಾಡಿದವಳು ಊರಗೌಡ ಹಲಗೇಗೌಡನ ಧರ್ಮಪತ್ನಿ ದ್ಯಾವೀರಮ್ಮ. ಮಾಡಿದ್ದು ಒಲೆಯ ಮುಂದೆ, ಹೊಗೆಯೊಳಗೆ, ಅಂಥ ಗಂಡನನ್ನು ಸಹಿಸಿಕೊಂಡು.

ಆ ಸೀಮೆಯನ್ನಾಳುತ್ತಿದ್ದ ದೊರೆಗೆ ಕಲ್ಲಿನ ಗಜಶಾಲೆಯನ್ನು ಕಟ್ಟಿಸಬೇಕೆಂಬ ಮಹದಾಸೆ ಹುಟ್ಟಿತು. ಆನೆ ಇದ್ದದ್ದು ಒಂದೇ, ಅದೂ ಕುಂಟು. ಆದರೆ ದೊರೆಯ ಆಸೆಗೆ ಕುಂಟಿರಲಿಲ್ಲ. ಧರ್ಮಭೀರುಗಳಾದ ಅವನ ಪೂರ್ವಿಕರು ಒಂದು ಕಟ್ಟಳೆ ಮಾಡಿದ್ದರು: ಮನುಷ್ಯರ ಒಲೆ ಉರಿಯುವ ಬೆಟ್ಟಕ್ಕೆ ಉಳಿ ತಾಗಿಸಕೂಡದು, ಪಾರುಪತ್ಯಗಾರನು ಖುದ್ದಾಗಿ ಹತ್ತಿ ನೋಡಿ, ಡಂಗುರ ಸಾರಿಸಿ, ಪ್ರಜೆಗಳನ್ನು ಕೇಳಿದ ಮೇಲೆಯೇ ಕಲ್ಲು ತೆಗೆಯಬೇಕು. ಕಟ್ಟಳೆಯೇನೋ ಚೆನ್ನಾಗಿತ್ತು. ಹರಿದ ಬಲೆಯೂ ದೂರದಿಂದ ನೋಡಿದರೆ ಬಲೆಯೇ.

ಬಂದ ಪಾರುಪತ್ಯಗಾರನ ಹೊಟ್ಟೆ ಬೆಟ್ಟ ಹತ್ತುವ ಹೊಟ್ಟೆಯಲ್ಲ. ಊರೆಲ್ಲ ರಾಗಿ ಕೊಯ್ಲಿಗೆ ಹೋಗಿದ್ದ ಹೊತ್ತಿನಲ್ಲಿ ಡಂಗುರ ಸಾರಿಸಿದನು. ಕೇಳಿದ್ದು ನಾಯಿಗಳು ಮಾತ್ರ, ಅವು ಬೊಗಳಿದ್ದನ್ನೇ ಪ್ರಜೆಗಳ ಒಪ್ಪಿಗೆಯೆಂದು ಎಣಿಸಿ, ಗೌಡನ ಜಗಲಿಯಲ್ಲಿ ತುಪ್ಪ ಸುರಿದ ಒಬ್ಬಟ್ಟಿನ ಮುಂದೆ ಕುಳಿತು, "ಮೇಲೆ ಒಲೆಗಿಲೆ ಉಂಟೋ ಗೌಡರೆ?" ಎಂದನು.

"ಅಯ್ಯೋ, ಕಾಗೆ ಕೂಡ ಗೂಡು ಕಟ್ಟೋದಿಲ್ಲ ಬುದ್ಧಿ," ಎಂದನು ಗೌಡ.

ಗೌಡನ ಉತ್ಸಾಹಕ್ಕೆ ಕಾರಣವಿತ್ತು. ಊರ ಆಚೆ ಕೇರಿಯಲ್ಲಿ ಅವನು ಇಟ್ಟುಕೊಂಡಿದ್ದ ಚಿನ್ನಾಜಿಗೆ ಒಂದು ಕಲ್ಲುಮನೆ ಆಗುವಷ್ಟು ಚಪ್ಪಡಿಯನ್ನು ಕೊಡಲು ಪಾರುಪತ್ಯಗಾರ ಒಪ್ಪಿಕೊಂಡಿದ್ದ. ಇದು ಗುಟ್ಟು. ಊರಿಗೆಲ್ಲ ಗೊತ್ತಿದ್ದ ಗುಟ್ಟು.

ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ ದ್ಯಾವೀರಮ್ಮನಿಗೆ ಚಪ್ಪಡಿಯ ಸಂಗತಿ ಹೊಸದಲ್ಲ. ಚಿನ್ನಾಜಿಯ ಹೆಸರು ಕೇಳಿ ಕೇಳಿ ಅವಳ ಕಿವಿ ಕಾಯಿಗಟ್ಟಿತ್ತು. ಅವಳು ಹೆದರಿದ್ದು ಬೇರೆಯದಕ್ಕೆ. ಬೆಟ್ಟ ಒಡೆದರೆ ದೊಣೆಯೂ ಒಡೆಯುತ್ತದೆ. ಆ ದೊಣೆ ಬಿಟ್ಟರೆ ಊರಿಗೆ ಬೇರೆ ನೀರಿಲ್ಲ. ಆ ಮನೆಯ ಸೊಸೆಯಾಗಿ ಬಂದಂದಿನಿಂದ ಗಂಡಸರ ನಡುವೆ ಬಾಯಿ ತೆರೆಯದವಳು ಅಂದು ತೆರೆದಳು.

"ಮೇಲೆ ಒಲೆ ಇಲ್ಲ ಬುದ್ಧಿ, ನಿಜ. ಆದರೆ ಕೆಳಗಿನ ಒಲೆಗಳ ಮೇಲೆ ಕುದಿಯೋ ನೀರು ಎಲ್ಲಿಯದು?"

"ಕಟ್ಟಳೆಯಲ್ಲಿ ಒಲೆ ಅಂತಿದೆ ಕಣಮ್ಮ, ನೀರು ಅಂತಿಲ್ಲ. ಇನ್ನೊಂದು ಚೂರು ತುಪ್ಪ ಬಿಡು."

ದ್ಯಾವೀರಮ್ಮ ತುಪ್ಪ ಬಿಡಲಿಲ್ಲ. ಗಿಂಡಿಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಉರಿಯುತ್ತಿದ್ದ ಒಲೆಯನ್ನು ಆರಿಸಿ, ಮಡಕೆ ಹೊರುವ ಮೂರು ಒಲೆಗುಂಡುಗಳಿಗೆ ಕೈ ಹಚ್ಚಿದಳು. ಒಲೆಗುಂಡು ಹೊಸ್ತಿಲು ದಾಟಿತೆಂದರೆ ಸಂಸಾರ ಒಡೆಯಿತೆಂದೇ ಅರ್ಥ. ಸೂತಕದಲ್ಲಿಯೂ ಅದನ್ನು ಕದಲಿಸುವವರಿಲ್ಲ. ಅತ್ತೆ ಎದೆ ಬಡಿದುಕೊಂಡು, "ಮನೆಹಾಳಿ, ಮುತ್ತೈದೆತನ ಬೇಡವಾಯ್ತೇನೆ ನಿನಗೆ!" ಎಂದು ಉಳಿದೆರಡು ಗುಂಡುಗಳನ್ನು ಮಗುವಿನಂತೆ ತಬ್ಬಿಕೊಂಡು ಕೂತುಬಿಟ್ಟಳು. ಆದುದರಿಂದ ದ್ಯಾವೀರಮ್ಮನಿಗೆ ದಕ್ಕಿದ್ದು ಒಂದೇ. ಅದು ಇನ್ನೂ ಸುಡುತ್ತಿತ್ತು. ಸಿಂಬೆಯ ಮೇಲಿಟ್ಟು, ತಲೆಯ ಮೇಲೆ ಹೊತ್ತು, ಇನ್ನು ಈ ಮನೆಗೆ ತಾನು ಸೊಸೆಯೋ ಅಲ್ಲವೋ ಎಂಬುದನ್ನು ಹಿಂದಿರುಗಿ ಸಹ ನೋಡದೆ ಬೆಟ್ಟ ಹತ್ತಿದಳು.

ದೊಣೆಯ ದಂಡೆಯಲ್ಲಿ ಅವಳಿಗಿಂತ ಮೊದಲೇ ಒಬ್ಬಳು ನಿಂತಿದ್ದಳು, ಕಂಕುಳಲ್ಲಿ ಒಂದು ಒಲೆಗುಂಡು. ಚಿನ್ನಾಜಿ! ಒಬ್ಬಳ ನೆರಳು ಬಿದ್ದ ದಾರಿಯಲ್ಲಿ ಇನ್ನೊಬ್ಬಳು ನಡೆಯುತ್ತಿರಲಿಲ್ಲ.

"ನಿನಗೇನೇ ಬಂತು? ಕಲ್ಲುಮನೆ ಏಳ್ತದಲ್ಲ ನಿನಗೆ," ಎಂದಳು ದ್ಯಾವೀರಮ್ಮ.

"ಕಲ್ಲುಮನೆಯಲ್ಲಿ ಕೂತು ಏನು ಕುಡೀಲಿ ಅಕ್ಕ? ಗೌಡರ ಮಾತನ್ನೇ? ಇಷ್ಟು ವರ್ಷ ನೀನೂ ಅದನ್ನೇ ಕುಡಿದೆಯಲ್ಲ, ಬಾಯಾರಿಕೆ ಹೋಯ್ತೆ?"

ದ್ಯಾವೀರಮ್ಮನಿಗೆ ನಗು ತಡೆಯಲಾಗಲಿಲ್ಲ. ಸವತಿಯರಿಬ್ಬರೂ ಬೆಟ್ಟದ ನೆತ್ತಿಯಲ್ಲಿ ಕೂತು ಒಬ್ಬನೇ ಗಂಡಸನ್ನು ನೆನೆದು ನಕ್ಕ ನಗು ಕೆಳಗಿನ ಹೊಲದವರೆಗೂ ಕೇಳಿಸಿತಂತೆ. ಕುಡುಗೋಲು ಬಿಟ್ಟು ಹೆಂಗಸರೆಲ್ಲ ತಲೆಯೆತ್ತಿದರು. ಏನಾಯಿತೆಂದು ನೋಡುವ ಆಸೆ ಯಾರಿಗಿಲ್ಲ? ಎಲ್ಲರೂ ಹತ್ತಿಬಂದರು.

ಸುದ್ದಿ ತಿಳಿದ ಪಾರುಪತ್ಯಗಾರನು ಡೋಲಿಯಲ್ಲಿ ಕೂತು ಅರ್ಧ ಬೆಟ್ಟದವರೆಗೆ ಬಂದು, ಅಲ್ಲಿಂದಲೇ ಕೂಗಿ ನಕ್ಕನು: "ಎರಡು ಗುಂಡಿಗೆ ಒಲೆ ಅನ್ನೋದಿಲ್ಲ! ಬೆಟ್ಟದ ಕಲ್ಲನ್ನು ಮುಟ್ಟಿದಿರೋ, ಅದು ದೊರೆಯ ಸೊತ್ತು!" ಕೆಳಗೆ ಕಲ್ಲುಕುಟಿಗರು ಬೆಣೆಗೆ ಸಾಲಾಗಿ ತೂತು ಕೊರೆಯಲು ತೊಡಗಿದ್ದರು.

ಆಗ ದ್ಯಾವೀರಮ್ಮನು ಬೋಳುಬಂಡೆಗೆ ಹಣೆ ಹಚ್ಚಿ, "ತಾಯಿ, ಮನೆ ಬಿಟ್ಟು ಬಂದೆ. ಇನ್ನು ಬಿಡೋದಕ್ಕೆ ನನ್ನ ಹತ್ರ ಏನೂ ಇಲ್ಲ," ಎಂದಳು. ಎನ್ನುತ್ತಿದ್ದಂತೆಯೇ ದಶದಿಕ್ಕುಗಳು ಕಂಪಿಸಿ, ಅಖಂಡವಾದ ಆ ಮಹಾಶಿಲೆಯು ಕುದಿಯುವ ಅಂಬಲಿಯಂತೆ ಉಬ್ಬಿ, ಎರಡು ಗುಂಡುಗಳ ಎದುರಿಗೆ ಮೂರನೆಯ ಗುಂಡೊಂದು ಬಂಡೆಯಿಂದಲೇ ಮೂಡಿ ನಿಂತಿತು. ನಡುವೆ ಅಗ್ನಿಯು ತಾನೇ ತಾನಾಗಿ ಪ್ರಜ್ವಲಿಸಿತು. ಗಗನದಿಂದ ದಿವ್ಯವಾಣಿಯಾಯಿತು:

"ಎಲೈ ಮರ್ತ್ಯಾಧಮನೇ, ಕೇಳು! ಎರಡು ಮನೆಯ ಕಣ್ಣೀರು ಕೂಡಿದಲ್ಲಿ ಮೂರನೆಯ ಗುಂಡಾಗಿ ನಾನು ನಿಲ್ಲುವೆನು. ನನ್ನನ್ನು ಕಿತ್ತವನ ಮನೆಯಲ್ಲಿ ಹಾಲು ಕಾಯದು, ಹಸಿವು ಆರದು!"

ಕಲ್ಲುಕುಟಿಗರ ಉಳಿಗಳು ಕೈಯಿಂದ ಜಾರಿದವು. ಡೋಲಿ ಹೊತ್ತವರು ಡೋಲಿಯನ್ನು ಅಲ್ಲೇ ಬಿಟ್ಟು ಅಡ್ಡಬಿದ್ದರು. ಒಳಗಿದ್ದವನು ಬಿದ್ದನೋ ಉರುಳಿದನೋ, ಅಂತೂ ನೆಲ ಕಂಡನು.

ಊರ ಹೆಂಗಸರೆಲ್ಲ ತಂತಮ್ಮ ಒಲೆಗುಂಡುಗಳನ್ನು ಹೊತ್ತು ತಂದರು. ಊರಿನಲ್ಲಿ ಹೊಗೆಯೇ ಇಲ್ಲ, ಬೆಟ್ಟದ ಮೇಲೆಲ್ಲ ಹೊಗೆ. ಸಾಯಂಕಾಲದ ಹೊತ್ತಿಗೆ ಅತ್ತೆಯೂ ಏದುಸಿರು ಬಿಡುತ್ತ ತಾನು ತಬ್ಬಿಕೊಂಡಿದ್ದ ಗುಂಡುಗಳ ಸಮೇತ ಬಂದಳು, ಹಸಿವಿಗೆ ಅತ್ತೆತನವೆಲ್ಲಿ? ಎಲ್ಲರೂ ಉಂಡಾದ ಮೇಲೆ ಕೊನೆಯಲ್ಲಿ ಹಲಗೇಗೌಡ ಬಂದು, ಹೆಂಡತಿಯನ್ನು ನೋಡಲೋ ಚಿನ್ನಾಜಿಯನ್ನು ನೋಡಲೋ ತಿಳಿಯದೆ ಮುತ್ತುಗದೆಲೆಯನ್ನು ನೋಡುತ್ತ ಕೂತನು.

ದ್ಯಾವೀರಮ್ಮ ಮುದ್ದೆ ಹಿಡಿದು ನಿಂತಳು, ಚಿನ್ನಾಜಿ ಸಾರಿನ ಸೌಟು ಹಿಡಿದು ನಿಂತಳು.

"ಮೊದಲು ಹೇಳಿ. ಮೇಲೆ ಒಲೆ ಉಂಟೋ?" ಎಂದಳು ದ್ಯಾವೀರಮ್ಮ.

"ಉಂಟು," ಎಂದನು ಗೌಡ, ಬಾಯೊಳಗೇ.

"ಕೆಳಗಿನ ಪಾರುಪತ್ಯಗಾರರಿಗೆ ಕೇಳಿಸಲಿಲ್ಲ," ಎಂದಳು ಚಿನ್ನಾಜಿ.

"ಉಂಟು! ಉಂಟು!" ಎಂದು ಕೂಗಿದ ಮೇಲೆ ಎಲೆಗೆ ಮುದ್ದೆ ಬಿತ್ತು. ದೊರೆಯ ಆನೆ ಕೊನೆಗೆ ಹುಲ್ಲಿನ ಚಪ್ಪರದಲ್ಲಿಯೇ ಸುಖವಾಗಿತ್ತಂತೆ.

ಭಕ್ತರು ಇಂದಿಗೂ ಬೆಟ್ಟದ ಬುಡದಲ್ಲಿ ಅರ್ಧಕ್ಕೇ ನಿಂತ ಬೆಣೆತೂತುಗಳ ಸಾಲನ್ನು ಕಾಣಬಹುದು. ನೆತ್ತಿಯ ಮಸಿಗಪ್ಪು ಸನ್ನಿಧಿಯಲ್ಲಿ ಎರಡು ಗುಂಡುಗಳು ಅಲುಗುತ್ತವೆ, ಮೂರನೆಯದು ಬೆಟ್ಟದೊಡನೆ ಒಂದಾಗಿದೆ. ರಾಗಿ ಕೊಯ್ಲು ಮುಗಿದ ಹುಣ್ಣಿಮೆಯಂದು ಊರಿನ ಯಾವ ಮನೆಯಲ್ಲಿಯೂ ಒಲೆ ಹೊತ್ತುವುದಿಲ್ಲ. ಎಲ್ಲರ ಅಡುಗೆಯೂ ಮೇಲೆಯೇ. ಗೌಡನ ವಂಶಸ್ಥರಿಗೆ ಕೊನೆಯ ಪಂಕ್ತಿ. ಅಮ್ಮನವರ ಪ್ರಸಾದವನ್ನು ಎಂಥ ದೊಡ್ಡವರಿಗೂ ಕೆಳಗಿಳಿಸಿ ಕೊಡುವ ಪದ್ಧತಿಯಿಲ್ಲ. ಮೊನ್ನೆ ಮೊನ್ನೆ ಈ ಬೆಟ್ಟದಲ್ಲಿ ಜನವಸತಿಯಿಲ್ಲವೆಂದು ಕಾಗದ ಹಿಡಿದು, ಜಲ್ಲಿಗಾಗಿ ಜೀಪಿನಲ್ಲಿ ಬಂದ ಸಾಹೇಬರನ್ನೂ ಊರ ಹೆಂಗಸರು ಕೈಹಿಡಿದು ಹತ್ತಿಸಿ, ಎಲೆ ಹಾಕಿ ಕೂರಿಸಿ, ಮುದ್ದೆ ಹಿಡಿದು ನಿಂತು, ಅದೇ ಪ್ರಶ್ನೆಯನ್ನು ಕೇಳಿದರು. ಸಾಹೇಬರು ಹಸಿದಿದ್ದರು, ಪಾಪ. ಮೂರು ಸಲ ಕೂಗಿದರು.