ಮುದ್ದೀರಕ್ಕ ಹಣ್ಣು ಮಾಡಿದ ನೀರು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನಮ್ಮಜ್ಜಿಗೇ ಗೊತ್ತಿರಲಿಲ್ಲ, ನನಗೆಲ್ಲಿಂದ ಗೊತ್ತಿರಬೇಕು? ಕೆರೆ ಏರಿ ಕೆಳಗೆ ಒಂದೂರು. ಆ ಊರಲ್ಲಿ ಮುದ್ದೀರಕ್ಕ ಅಂತ ಒಬ್ಬ ನೀರಗಂಟಿ ಇದ್ದಳಂತೆ. ಗಂಡ ಸತ್ತ ಮೇಲೆ ತೂಬು ಎತ್ತೋದು, ಇಳಿಸೋದು, ಗದ್ದೆಗೆ ನೀರು ಹಾಯಿಸೋದು ಎಲ್ಲಾ ಅವಳದೇ. ಕಾಲುವೆಗೆ ಕೈ ಅದ್ದಿ ಕೆರೇಲಿ ಎಷ್ಟು ನೀರಿದೆ ಅಂತ ಹೇಳ್ತಿದ್ದಳಂತೆ. ಹೇಳಿದವರು ಹೇಳಿದ್ರು, ನಾನು ಕೇಳಿದೆ, ಈಗ ನೀವು ಕೇಳಿ.

ಆ ಕೆರೇಲಿ ಮೂಗುತಿ ಮೀನು ಅಂತ ಇತ್ತಂತೆ. ಬೆರಳುದ್ದ, ಮೂತಿ ಮೇಲೆ ಒಂದೇ ಒಂದು ಕೆಂಪು ಚುಕ್ಕೆ. ಕೆರೆಯಮ್ಮನ ಮೂಗುತಿಯಿಂದ ಹುಟ್ಟಿದ್ದು ಅಂತ ನಂಬಿಕೆ. ಬಲೆಗೆ ಬಿದ್ದರೂ ಕೈಮುಗಿದು ವಾಪಸ್ ಬಿಡೋರು. ಸುತ್ತ ಯಾವ ಕೆರೇಲೂ ಆ ಜಾತಿ ಇರಲಿಲ್ಲವಂತೆ.

ಒಂದು ಬೇಸಿಗೇಲಿ ತೂಬಿನ ಕಲ್ಲು ಜರುಗಿ ಏರಿಯೊಳಕ್ಕೆ ನೀರು ಹೊಕ್ಕಿತು. ಮಳೆಗೆ ಮುಂಚೆ ಕೆರೆ ಬರಿದು ಮಾಡಿ ಕಲ್ಲು ಕೂರಿಸಬೇಕು. ಇಲ್ಲದಿದ್ದರೆ ಏರಿ ಒಡೆದು ಊರೇ ಕೊಚ್ಚಿಹೋಗುತ್ತೆ. ಬರಿದು ಮಾಡಿದರೆ ಮೂಗುತಿ ಮೀನು ಸಾಯುತ್ತೆ. ಊರ ಗೌಡ ಪಂಚಾಯ್ತಿ ಸೇರಿಸಿ ಮುದ್ದೀರಕ್ಕನ ಕಡೆ ಕೈ ತೋರಿಸಿದನಂತೆ. ನೀರು ಬಿಡೋ ಕೈ ನಿನ್ನದು, ಮೀನು ಉಳಿಸೋ ಕೈಯೂ ನಿನ್ನದೇ ಆಗಲಿ, ಕೆರೆ ತುಂಬೋವರೆಗೆ ನಿಮ್ಮನೇಲಿ ಸಾಕು, ಮೀನಿನ ವಂಶ ಅಳೀತೋ ನಿಮ್ಮನೆಗೆ ಬೆಂಕಿ-ನೀರು ಬಂದ್ ಅಂದನಂತೆ. ಅಂದರೆ ಊರಲ್ಲಿ ಯಾರೂ ಒಂದು ಕೆಂಡ ಕೊಡೋ ಹಾಗಿಲ್ಲ, ಇವರು ಬಾವಿ ಹಗ್ಗ ಮುಟ್ಟೋ ಹಾಗಿಲ್ಲ. ಮನೇಲಿದ್ದದ್ದು ಇಬ್ಬರೇ, ಮುದ್ದೀರಕ್ಕ, ಮತ್ತೆ ಗಂಡನ್ನ ಕಳಕೊಂಡು ತವರಿಗೆ ಬಂದಿದ್ದ ಅವಳ ನಾದಿನಿ ಗವಿರಂಗಮ್ಮ. ಎಲ್ಲಿಗೆ ಹೋಗಬೇಕು, ಪಾಪ?

ಬಾವಿಗೆ ಬಿಡಬಹುದಿತ್ತಲ್ಲ ಅಂತೀರಾ? ಓಹೋ, ನೀವೊಬ್ಬರೇ ಬುದ್ಧಿವಂತರು! ಬಾವೀಲಿ ಕೊರವನ ಮೀನಿತ್ತು, ಒಂದೇ ಗುಟುಕಿಗೆ ನುಂಗಿ ತೇಗೋದು.

ಹಿತ್ತಲಲ್ಲಿ ಹೊಂಗೆ ನೆರಳಿಗೆ ದನ ನೀರು ಕುಡಿಯೋ ದೊಡ್ಡ ಕಲ್ಲುಬಾನಿ ಇತ್ತು. ಅದಕ್ಕೆ ಬಾವಿ ನೀರು ತುಂಬಿಸಿ ಐದು ಮೀನು ಬಿಟ್ಟಳಂತೆ. ಬೆಳಗಾಗೋದ್ರಲ್ಲಿ ಐದೂ ಹೊಟ್ಟೆ ಮೇಲೆ. ಮುದ್ದೀರಕ್ಕ ಅವತ್ತು ಅನ್ನ ಮುಟ್ಟಲಿಲ್ಲವಂತೆ. ಆ ನೀರನ್ನ ಬೊಗಸೇಲಿ ಹಿಡಿದು ಮೂಸಿದಳು, ಬಾಯಿಗೆ ಹಾಕಿ ಉಗಿದಳು. ಇದು ಕಾಯಿ ನೀರು, ಹಣ್ಣಾಗಬೇಕು ಅಂದಳಂತೆ.

ಆಮೇಲೆ ಕೆಲಸ ಶುರು ಮಾಡಿದಳು ನೋಡಿ. ಬಾನಿ ತಳಕ್ಕೆ ನಾಲ್ಕು ಬೆರಳು ಕೆರೆ ಗೋಡುಮಣ್ಣು ಹಾಸಿದಳು. ಅದರ ಮೇಲೆ ಏಳು ಸಲ ತೊಳೆದ ಮರಳು. ಕೆರೆ ತಳದ ಹಸಿರು ಹುಲ್ಲನ್ನ ಬೇರು ಸಮೇತ ಕಿತ್ತು ತಂದು, ಪೈರು ನಾಟಿ ಮಾಡಿದ ಹಾಗೆ ನೆಟ್ಟಳು. ಗೋಡು ಕದಡಬಾರದು ಅಂತ ಮುತ್ತುಗದೆಲೆ ಇಟ್ಟು, ಎಲೆ ಮೇಲೆ ಚೊಂಬು ಚೊಂಬಾಗಿ ಕೆರೆ ನೀರು ಹುಯ್ದಳು. ಹುಯ್ದು, ಸುಮ್ಮನೆ ಕೂತಳಂತೆ.

ಆ ಕಡೆ ತೂಬು ಎತ್ತಿಯಾಗಿತ್ತು, ಕೆರೆ ಇಳೀತಾ ಇತ್ತು. ಈ ಕಡೆ ಬಾನಿ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯ್ತು. ಮೀನು ಬಿಟ್ಟೆಯಾ ಅಂತ ಗೌಡ ಕೇಳಿ ಕಳಿಸಿದರೆ, ಇನ್ನೂ ಕಾಯಿ ಅಂದಳಂತೆ. ಕೆರೆ ಅರ್ಧ ಆಯ್ತು. ಬಾನಿ ಕಲ್ಲಿಗೆ ಲೋಳೆ ಹತ್ತಿತು, ನಾತ ಬಂತು. ಇನ್ನೂ ಕಾಯಿ ಅಂದಳಂತೆ. ಕೆರೆ ನಡುವೆ ಒಂದೇ ಗುಂಡಿ ಉಳೀತು, ಬೆಳ್ಳಕ್ಕಿ ಹಿಂಡು ಇಳೀತು. ಇನ್ನೂ ಕಾಯಿ! ಊರೋರು ತಲೆ ತಲೆ ಚಚ್ಚಿಕೊಂಡರಂತೆ. ಮುದ್ದೀರಕ್ಕ ಗುಂಡಿ ಹತ್ತಿರ ಕೋಲು ಹಿಡಿದು ನಿಂತು ಬೆಳ್ಳಕ್ಕಿ ಓಡಿಸೋಳು, ಮನೆಗೆ ಓಡಿ ಬಾನಿ ನೋಡೋಳು, ಮತ್ತೆ ಗುಂಡಿಗೆ ಓಡೋಳು. ಕಡೆಗೊಂದು ದಿನ ಹುಲ್ಲಿನ ತುದೀಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದವು, ನೀರು ತಿಳಿಯಾಗ್ತಾ ಬಂತು. ನಾಳೆ ಹೊತ್ತೇರೋದ್ರೊಳಗೆ ಮೀನು ತರ್ತೀನಿ ಅಂತ ನಾದಿನಿಗೆ ಹೇಳಿದಳಂತೆ.

ಹಾಗೆ ಹೇಳಿದ್ದೇ ತಪ್ಪಾಯ್ತು. ಗವಿರಂಗಮ್ಮ ಬಲು ಭಕ್ತೆ. ದೇವರ ಮೀನು ಮನೆಗೆ ಬರ್ತಾವೆ, ಈ ಲೋಳೆಗೆ ಬಿಡೋದಾ ಅನ್ನಿಸಿತು. ಬೆಳಿಗ್ಗೆ ಅತ್ತಿಗೆ ಕೆರೆ ಕಡೆ ಹೋಗಿದ್ದೇ ತಡ, ತಲೆ ಮೇಲೆ ನೀರು ಹುಯ್ಕೊಂಡು ಒದ್ದೆ ಸೀರೇಲೇ ಬಾನಿ ಬಳಿದಳಂತೆ. ಗೋಡು, ಮರಳು, ಹುಲ್ಲು ಎಲ್ಲಾ ಬಾಳೆ ಬುಡಕ್ಕೆ. ಹುಣಸೆಹಣ್ಣು, ಬೂದಿ ಹಾಕಿ ಗಸಗಸ ಉಜ್ಜಿ, ಬಾವಿ ನೀರು ತುಂಬಿಸಿ, ಬಾನಿಗೆ ಅರಿಶಿನ ಕುಂಕುಮ ಇಟ್ಟಳು.

ಮುದ್ದೀರಕ್ಕ ಮಡಕೇಲಿ ಮೀನು ಹೊತ್ಕೊಂಡು ಬಂದಳು. ಹಿಂದೆ ಗೌಡನೂ ಅರ್ಧ ಊರೂ. ಗುಂಡಿ ಬತ್ತಿತ್ತು, ಮಡಕೇಲಿದ್ದ ಹನ್ನೊಂದೇ ಮೀನು ಲೋಕದಲ್ಲಿ ಉಳಿದ ಮೂಗುತಿ ಮೀನು. ಬಾನಿ ಕನ್ನಡಿ ಹಾಗೆ ಹೊಳೀತಾ ಇತ್ತು. ಮುದ್ದೀರಕ್ಕ ಮಡಕೆ ಕೆಳಗಿಟ್ಟಳಂತೆ. ‘ಅಯ್ಯೋ ರಂಗಿ, ಏನು ಮಾಡಿದ್ಯೇ! ಎಲ್ಲಿ ಸುರಿದೆ?’ ಅಂದಳಂತೆ. ಗವಿರಂಗಮ್ಮನಿಗೆ ಆಗ ಅರ್ಥ ಆಯ್ತು. ಬಾಳೆ ಕಡೆ ಕೈ ತೋರಿಸಿದಳು.

ಹೆಂಗಸರೆಲ್ಲ ಗವಿರಂಗಮ್ಮನ ಮೇಲೆ ಬಿದ್ದರು. ಮನೆಹಾಳಿ, ಕುಲಗೇಡಿ, ಬಾಯಿಗೆ ಬಂದದ್ದೆಲ್ಲ. ಮುದ್ದೀರಕ್ಕ ಬಾನಿ ನೀರೆಲ್ಲ ಮೊಗೆದು ಚೆಲ್ಲಿಸಿದಳು. ಕಾಲುವೆ ಬಾಯಲ್ಲಿ ನಿಂತಿದ್ದ ಕೆರೆ ನೀರು ಹೊತ್ತು ತರೋದಕ್ಕೆ ಗಂಡಸರನ್ನ ಓಡಿಸಿದಳು. ಬಿಸಿಲು ಬಾಳೆ ಬುಡ ಮುಟ್ಟೋಕೆ ಗೇಣು ಬಾಕಿ ಇತ್ತಂತೆ, ಸುರಿದದ್ದು ಇನ್ನೂ ಒಣಗಿರಲಿಲ್ಲ. ಆ ಹಸಿ ಲೋಳೇನ ಸೆರಗಲ್ಲಿ ಬಾಚಿ ತಂದು ನಾದಿನಿ ಕೈಗೆ ಕೊಟ್ಟಳಂತೆ. ‘ನೀನೇ ಹಾಕು. ಕೆಡಿಸಿದ ಕೈಯೇ ಹಾಕಲಿ’ ಅಂದಳಂತೆ. ಗವಿರಂಗಮ್ಮ ಅಳ್ತಾ ಅಳ್ತಾ ಗೋಡು ಹಾಸಿದಳು, ಹುಲ್ಲು ನೆಟ್ಟಳು, ಲೋಳೆ ಹಿಂಡಿದಳು.

ಮೊದಲು ಒಂದೇ ಮೀನು ಬಿಟ್ಟರು. ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟಿತಂತೆ. ಗೌಡ ಎದ್ದು ನಿಂತ. ಮೀನು ಓರೆಯಾಯ್ತು, ತಳಕ್ಕೆ ಹೋಯ್ತು, ಕಾಣಲಿಲ್ಲ. ಗವಿರಂಗಮ್ಮ ಕಣ್ಣು ಮುಚ್ಚಿಕೊಂಡಳಂತೆ. ಎಷ್ಟು ಹೊತ್ತು ಅಂತ ಯಾರಿಗೂ ಗೊತ್ತಿಲ್ಲ. ಆಮೇಲೆ ಹುಲ್ಲಿನ ಸಂದಿಯಿಂದ ಕೆಂಪು ಚುಕ್ಕೆ ಈಚೆಗೆ ಬಂತು, ಕಲ್ಲಿನ ಪಾಚಿ ಕಚ್ಚಿ ತಿಂತಾ ಬಂತು.

ಹನ್ನೊಂದೂ ಉಳಿದವಂತೆ. ತೂಬಿನ ಕಲ್ಲು ಕೂರಿಸಿದರು, ಮಳೆ ಬಂತು, ಕೆರೆ ತುಂಬಿತು, ಬಾನಿಯಿಂದ ಹೋದದ್ದು ನೂರಾರು ಮೀನಂತೆ. ಆದರೂ ಊರ ಹೆಂಗಸರು ಗವಿರಂಗಮ್ಮನ ಹತ್ತಿರ ಮಾತು ಬಿಟ್ಟಿದ್ದರು. ಬಾನೀಲಿ ಮೀನು ಸಾಕಬೇಕು ಅಂತ ಯಾರಾದರೂ ಮುದ್ದೀರಕ್ಕನ್ನ ಹೆಪ್ಪಿಗೆ ಅಂತ ಬಾನಿಯ ಹಳೇ ನೀರು ಕೇಳಿದರೆ, ನಮ್ಮ ರಂಗೀನ ಕರೀರಿ, ಅವಳು ಬಂದು ಹುಯ್ದರೇ ಹಣ್ಣಾಗೋದು ಅನ್ನೋಳಂತೆ. ಕರೀದೆ ವಿಧಿ ಇರಲಿಲ್ಲ, ಕರೆದರು. ಈಗಲೂ ನಮ್ಮ ಕಡೆ ಹೊಸ ಬಾನಿ ಇಟ್ಟರೆ, ಯಾರ ಹತ್ತಿರ ಮಾತು ಬಿಟ್ಟಿದ್ದೀವೋ ಅವರನ್ನೇ ಕರೆದು ಮೊದಲ ಚೊಂಬು ಹಳೇ ನೀರು ಹುಯ್ಯಿಸ್ತೀವಿ.

ನನ್ನ ಸೊಸೆ ಹೋದ ತಿಂಗಳು ಪಟ್ಟಣದಿಂದ ಗಾಜಿನ ಪೆಟ್ಟಿಗೆ ತಂದಳಲ್ಲ, ಮರಳು ಹಾಕಿ, ಗಿಡ ನೆಟ್ಟು, ಮೀನು ಬಿಡಬೇಕು ಅಂತ. ಬೇಲಿ ಜಗಳ ಆಗಿ ಆರು ವರ್ಷ ಆಯ್ತು, ಎದುರುಮನೆ ಪುಟ್ಟಚೆನ್ನಿ ಮುಖ ನಾನು ನೋಡಿರಲಿಲ್ಲ. ಹೋಗಿ ಬಾಗಿಲಲ್ಲಿ ನಿಂತೆ. ನೀರು ಬೇಕಾಗಿತ್ತು ಅಂದೆ. ಅವಳು ತನ್ನ ಬಾನಿಯಿಂದ ಒಂದು ಚೊಂಬು ಮೊಗೆದು ನಮ್ಮನೆಗೆ ತಂದಳು, ಒಂದು ಹನಿ ಚೆಲ್ಲದ ಹಾಗೆ ಪೆಟ್ಟಿಗೆಗೆ ಹುಯ್ದಳು, ಕೈ ಸೆರಗಿಗೆ ಒರೆಸಿಕೊಂಡಳು. ‘ಕಾಫಿ ಗೀಫಿ ಕೊಡೋ ಅಭ್ಯಾಸ ಇದ್ಯೋ, ಅದನ್ನೂ ಬಿಟ್ಟಿದ್ದೀಯೋ?’ ಅಂದಳು.