ಸಾಹುಕಾರರ ಡಿಕ್ಕಿ ತುಂಬಿಸಿದ ನಿರುಪಾದಿ

ಶಿವನ ಸೃಷ್ಟಿಯಲ್ಲಿ ಪೆದ್ದರಿಗೂ ಒಂದು ಜಾಗವಿದೆ. ಆ ಜಾಗ ಯಾವುದು ಅನ್ನುವುದು ಅವರನ್ನು ಹೆತ್ತವಳಿಗೆ ಮಾತ್ರ ಬೇಗ ತಿಳಿಯುವುದಿಲ್ಲ.

ಪಾರವ್ವ ಅಂತ ಒಬ್ಬ ತಾಯಿ. ಖಾನಾವಳಿಗೆ ರೊಟ್ಟಿ ಬಡಿದು ಬಡಿದು ಅವಳ ತೋಳು ಮೇಲೇಳುತ್ತಿರಲಿಲ್ಲ. ಮಗ ನಿರುಪಾದಿ ಗಾಡಿ ಓಡಿಸುವುದರಲ್ಲಿ ಗಟ್ಟಿಗ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತಾಯಿಯ ಕಣ್ಣೀರೆಲ್ಲ ಅದಕ್ಕೇ.

ಅದೇ ಊರಿನ ಅಂದಾನಪ್ಪ ಸಾಹುಕಾರರು ಮಠದ ದಾಸೋಹಕ್ಕೆ ದವಸ ಮುಟ್ಟಿಸುವ ಭಕ್ತರು. ಒಂದು ಪುಟ್ಟ ಎಸ್‌ಯುವಿ ಅವರ ಮನಸ್ಸಿಗೆ ಬಂದಿತ್ತು. "ನಾಕು ದಿನ ಓಡಿಸಿ ನೋಡ್ರಿ, ಆಮ್ಯಾಲ ತಗೋರಿ" ಅಂತ ಶೋರೂಮಿನವರು ಬಿಟ್ಟುಹೋದರು. ಸಾಹುಕಾರರು ಡ್ರೈವರ್ ಕೆಲಸಕ್ಕೆ ನಿರುಪಾದಿಯನ್ನು ಕರೆಸಿದರು.

"ಕಾರಿಗೂ ಪರೀಕ್ಷೆ, ನಿನಗೂ ಪರೀಕ್ಷೆ. ಇಬ್ಬರೂ ಪಾಸಾದ್ರ ಇಬ್ಬರನ್ನೂ ಇಟ್ಕೋತೀನಿ."

ಪಾರವ್ವ ಸೆರಗೊಡ್ಡಿ ಬೇಡಿಕೊಂಡಳು. "ಶಿವನೇ, ಈ ನೌಕರಿ ಒಂದು ಸಿಗಲಿ. ನನ್ನ ತೋಳಿಗೆ ಬಿಡುವು ಸಿಗಲಿ."

ಮೊದಲ ದಿನ ಸಾಹುಕಾರರು ಅಂದರು, "ಈ ಡಿಕ್ಕಿಯೊಳಗ ಎಷ್ಟು ಜೋಳ ಹಿಡೀತೈತಿ ನೋಡು."

"ಹೂನ್ರಿ!"

ಹೋದ, ಒಂದು ಚೀಲ ಬಿಚ್ಚಿದ, ಡಿಕ್ಕಿಗೆ ಸುರಿದ. ಮತ್ತೊಂದು ಬಿಚ್ಚಿದ, ಸುರಿದ. ತುಂಬಿತು, ಮುಚ್ಚಿದ. ಸಾಹುಕಾರರು ಬಂದು ಬಾಗಿಲೆತ್ತಿದರೆ ಸೊರ್ರಂತ ಜೋಳ ಮೊಣಕಾಲ ತನಕ! ಓಣಿಯ ಕೋಳಿಗೆಲ್ಲ ಹಬ್ಬ.

"ಏ ಹುಚ್ಚಪ್ಯಾಲಿ! ಏನೋ ಇದು?"

"ಇಷ್ಟ ಹಿಡೀತೈತ್ರಿ!"

ಮನೆಗೆ ಬಂದರೆ ಪಾರವ್ವ ಹಣೆ ಹಣೆ ಬಡಿದುಕೊಂಡಳು. "ಚೀಲದಾಗ ಹಾಕಬೇಕೋ, ಬಾಯಿ ಬಿಗಿದು ಕಟ್ಟಬೇಕೋ, ಆಮ್ಯಾಲ ಡಿಕ್ಕಿಯೊಳಗ ಇಡಬೇಕು!"

"ಹೂಂ ಎವ್ವಾ, ನಾಳಿಂದ ಹಂಗ ಮಾಡ್ತೀನಿ."

ಮರುದಿನ ಗೌಳಿಗರ ಮನೆಯಿಂದ ದಾಸೋಹಕ್ಕೆ ಮೊಸರು ತರಬೇಕಾಗಿತ್ತು. ನಿರುಪಾದಿ ಗೋಣಿಚೀಲ ಒಯ್ದ. ಮೊಸರು ಸುರಿದ, ಬಾಯಿ ಬಿಗಿದು ಕಟ್ಟಿದ, ಡಿಕ್ಕಿಯಲ್ಲಿಟ್ಟ. ದಾರಿಯುದ್ದಕ್ಕೂ ಬೆಳ್ಳನೆಯ ಗೆರೆ. ಹಿಂದೆ ನಾಯಿಗಳ ಸಾಲು.

"ಚೀಲದಾಗ ಮೊಸರು ತರ್ತಾರೇನೋ ಯಪ್ಪಾ!" ಅಂತ ಸಾಹುಕಾರರು ತಲೆ ಹಿಡಿದು ಕೂತರು.

"ಬಾಯಿ ಭಾಳ ಬಿಗಿದು ಕಟ್ಟೀನ್ರಿ. ಕೆಳಗಿಂದ ಹ್ಯಾಂಗ ಹೋತೋ ಗೊತ್ತಿಲ್ರಿ!"

ಪಾರವ್ವ ಮತ್ತೆ ಬುದ್ಧಿ ಹೇಳಿದಳು. "ಪಾತ್ರೆಯೊಳಗ ಇಡಬೇಕೋ ನನ್ನಪ್ಪಾ. ಅಲ್ಲಾಡದಂಗ ಸುತ್ತ ಹುಲ್ಲು ತುರುಕಬೇಕು. ಮ್ಯಾಲ ಮುಚ್ಚಳ!"

"ಹೂಂ ಎವ್ವಾ, ನಾಳಿಂದ ಹಂಗ ಮಾಡ್ತೀನಿ."

ಮೂರನೆಯ ದಿನ ತರಬೇಕಾದದ್ದು ಮಠದ ಅಜ್ಜಾರನ್ನು! ಪಕ್ಕದೂರಿಗೆ ಪೂಜೆಗೆ ಹೋಗಿದ್ದ ಹಿರಿಯ ಸ್ವಾಮಿಗಳು. ಸಣ್ಣ ಜೀವ, ಸದಾ ನಗುಮುಖ. ನಿರುಪಾದಿ ಹಿಂದಿನ ಸೀಟು ಮಡಚಿದ, ದಾಸೋಹದ ದೊಡ್ಡ ಕೊಪ್ಪರಿಗೆ ಇಟ್ಟ, ಸುತ್ತ ಹುಲ್ಲು ತುರುಕಿದ, ಕೈಮುಗಿದ.

"ಇದರಾಗ ದಯಮಾಡಿಸ್ರಿ, ಬುದ್ಧಿ."

ಅಜ್ಜಾರು ನೋಡಿದರು, ನಕ್ಕರು. "ಶಿವನಿಚ್ಛೆ" ಅಂತ ಹತ್ತಿ ಕೂತರು. "ಮುಚ್ಚಳ ಮಾತ್ರ ನನ್ನ ಕೈಯಾಗ ಕೊಡು, ತಮ್ಮಾ."

ಕಾರು ಬಂದು ನಿಂತಿತು. ಸಾಹುಕಾರರು ಡಿಕ್ಕಿ ತೆರೆದರು. ಕೊಪ್ಪರಿಗೆಯಿಂದ ತಲೆ ಎತ್ತಿ ಅಜ್ಜಾರು ಅಂದರು, "ಅಂದಾನಪ್ಪಾ, ಜಾಗ ಭಾಳ ವಿಶಾಲ ಐತಿ. ತಗ್ಗಿನಾಗೂ ಕುಲುಕಲಿಲ್ಲ. ಕಾರು ತಗೋ."

ಕಾರು ಪಾಸಾಯಿತು. ನಿರುಪಾದಿ?

"ದೊಡ್ಡವರು ಕಾರಿನಾಗ ಬಂದ್ರ ಬಾಗಿಲು ತೆಗೀಬೇಕೋ!" ಅಂತ ಸಾಹುಕಾರರು ಕೂಗಿದರು. "ಕಣ್ಣು ಮುಚ್ಚಿ, ಕೈಮುಗಿದು ನಿಲ್ಲಬೇಕೋ! ಅವರು ತಾವಾಗೇ ಇಳಿದು ಒಳಗ ಹೋಗೋತನಕ ಮುಟ್ಟಬಾರದು! ನಾಳೆ ಅಮಾಸಿ ದಾಸೋಹ. ಎಸರು ಕುದಿಯೋದ್ರೊಳಗ ಅಕ್ಕಿ ಅಡಿಗಿಮನಿ ಮುಟ್ಟಿದ್ರ ನೌಕರಿ ನಿಂದು. ಇಲ್ಲಾಂದ್ರ ಮನಿಗೆ ನಡಿ!"

"ಹೂನ್ರಿ, ನಾಳಿಂದ ಹಂಗ ಮಾಡ್ತೀನಿ."

ಪಾರವ್ವ ಆ ರಾತ್ರಿ ನಿದ್ದೆ ಮಾಡಲಿಲ್ಲ. ಜಪ ಮಾಡಿದಳು.

ಮರುದಿನ ಅಕ್ಕಿ ಚೀಲ ಹೇರಿಕೊಂಡು ನಿರುಪಾದಿ ಮಠದ ಅಂಗಳಕ್ಕೆ ಬಂದ. ಡಿಕ್ಕಿ ತೆರೆದ. ಕಣ್ಣು ಮುಚ್ಚಿದ, ಕೈಮುಗಿದ. ಚೀಲಗಳಿಗೆ ಅಂದ, "ದಯಮಾಡಿಸ್ರಿ."

ಒಳಗೆ ಎಸರು ಕುದಿಯುತ್ತಿತ್ತು. ಚೀಲ ಕದಲಲಿಲ್ಲ. ನಿರುಪಾದಿಯೂ ಕದಲಲಿಲ್ಲ.

ಭಕ್ತರು ಬಂದರು, ನೋಡಿದರು. "ನೋಡ್ರೋ, ಅಕ್ಕಿಗೆ ಹ್ಯಾಂಗ ಕೈಮುಗಿದು ನಿಂತಾನ! ನಮಗ ಈ ಭಕ್ತಿ ಬರಲಿಲ್ಲ ನೋಡ್ರಿ" ಅಂತ ತಾವೂ ಕೈಮುಗಿದರು. "ಅನ್ನದೇವರನ್ನ ಬಿಸಿಲಾಗ ನಿಲ್ಲಿಸಬಾರದು" ಅಂತ ಒಬ್ಬ ಒಂದು ಚೀಲ ಹೊತ್ತ. ಇನ್ನೊಬ್ಬ ಇನ್ನೊಂದು ಹೊತ್ತ. ಸದ್ದಿಲ್ಲದೆ ಎಲ್ಲವೂ ಒಳಗೆ ಹೋದವು.

ಸಾಹುಕಾರರು ಓಡೋಡಿ ಬಂದರು. "ಅಕ್ಕಿ ಎಲ್ಲೋ?"

ನಿರುಪಾದಿ ಕಣ್ಣು ಬಿಟ್ಟ. "ನೀವು ಹೇಳಿದಂಗ, ತಾವಾಗೇ ಇಳಿದು ಒಳಗ ಹೋದ್ವು ನೋಡ್ರಿ!"

ಸಾಹುಕಾರರು ಅಡಿಗೆಮನೆ ಇಣುಕಿದರು. ಅಕ್ಕಿ ಎಸರಿಗೆ ಬೀಳುತ್ತಿತ್ತು. ದಾಸೋಹಕ್ಕೆ ಬಂದಿದ್ದ ಪಾರವ್ವನ ಕಡೆ ತಿರುಗಿದರು.

"ಪಾರವ್ವಾ, ನೌಕರಿ ನಿನ್ನ ಮಗಂದು. ನಾಳಿಂದ ನೀ ರೊಟ್ಟಿ ಬಡಿಯೋದು ಬಿಡು."

ಪಾರವ್ವ ಆ ನೋಯುವ ತೋಳನ್ನೇ ಎತ್ತಿ ಶಿವನಿಗೆ ಕೈಮುಗಿದಳು.

ಪಂಕ್ತಿ ಕೂತಿತು, ಎದ್ದಿತು. ಮಗನ ಸುಳಿವಿಲ್ಲ. ಪಾರವ್ವ ಹೊರಗೆ ಬಂದು ನೋಡಿದರೆ ನಿರುಪಾದಿ ಡಿಕ್ಕಿಯ ಚಾಪೆ ಸರಿಸಿ, ಹಾಗೇ ಕೈಮುಗಿದು ನಿಂತಿದ್ದಾನೆ.

"ಪ್ರಸಾದಕ್ಕ ಬಾರೋ ಮಗನ, ಇನ್ನೂ ಏನು ಮಾಡ್ತಿ?"

"ಹ್ಯಾಂಗ ಬರಲಿ ಎವ್ವಾ?" ಅಂತ ನಿರುಪಾದಿ ಚಾಪೆಯಡಿಯ ಸ್ಟೆಪ್ನಿ ಗಾಲಿಯನ್ನು ಕಣ್ಣಲ್ಲೇ ತೋರಿಸಿ ಪಿಸುಗುಟ್ಟಿದ. "ಉಳಿದವರೆಲ್ಲ ಹೋದ್ರು. ಈ ಕರೇ ಹಿರಿಯರು ಇನ್ನೂ ಇಳಿದಿಲ್ಲ!"